ಪ್ರಾರ್ಥನೆ ಮಾಡಿದರೂ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತಿಲ್ಲ. ನನ್ನ ನಂಬಿಕೆ ಸತ್ತುಹೋಯಿತಾ?

ಸಾಸಿವೆಕಾಳು

ಎಲ್ಲರಿಗೂ ವಂದನೆಗಳು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ವಾರದಿಂದ ಒದ್ದಾಡುತ್ತಿದ್ದೆ. ಇವತ್ತೂ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಯಿತು. ಮತ್ತೆ ನಿದ್ದೆ ಬರಲಿಲ್ಲ. ಎದ್ದು ಕೂತು ಬರೆಯುತ್ತಿದ್ದೇನೆ.

ನಾನು ಕ್ರೈಸ್ತ ಸಭೆಯಲ್ಲೇ, ಅಂದರೆ ಚರ್ಚಿನಲ್ಲೇ ಬೆಳೆದವಳು. ಸಂಡೇ ಸ್ಕೂಲ್, ಯುವಜನರ ಕೂಟ, ಹಾಡುವ ತಂಡ, ಎಲ್ಲದರಲ್ಲೂ ಇದ್ದೆ. ಕಳೆದ ವರ್ಷ ಕೆಲಸ ಹೋಯಿತು. ಮೂರು ತಿಂಗಳಿಗೆ ಅಪ್ಪ ತೀರಿಕೊಂಡರು. ಆಗ ನಾನು ಅಳಲೇ ಇಲ್ಲ. ಎಲ್ಲವನ್ನೂ ಮುಂದೆ ನಿಂತು ನೋಡಿಕೊಂಡೆ. ಎಲ್ಲರೂ "ಎಷ್ಟು ಗಟ್ಟಿ ನಂಬಿಕೆ ಈ ಹುಡುಗಿಯದು" ಎಂದರು.

ಈಗ ಬೇರೆ ಕೆಲಸ ಸಿಕ್ಕಿದೆ. ಮನೆಯೂ ಒಂದು ಹದಕ್ಕೆ ಬಂದಿದೆ. ಆದರೆ ಈಗಲೇ ನಾನು ಕುಸಿಯುತ್ತಿದ್ದೇನೆ. ಸುಮ್ಮನೆ ಕೂತಿದ್ದಾಗ ಎದೆ ಹೊಡೆದುಕೊಳ್ಳುತ್ತದೆ. ಕೈ ತಣ್ಣಗಾಗುತ್ತದೆ. ಫೋನ್ ರಿಂಗಾದರೆ ಕೆಟ್ಟ ಸುದ್ದಿಯೇ ಇರಬೇಕು ಅನಿಸುತ್ತದೆ. ಬೈಬಲ್ ತೆರೆದರೆ ಕಣ್ಣು ಸಾಲಿನ ಮೇಲೆ ಓಡುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ಹಾಡಲು ನಿಂತರೆ ಗಂಟಲು ಕಟ್ಟುತ್ತದೆ.

ಧೈರ್ಯ ಮಾಡಿ ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ಒಬ್ಬ ಹಿರಿಯರು ಬೈಬಲ್ಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ತೆರೆದು ಓದಿದರು. "ಯಾವುದಕ್ಕೂ ಚಿಂತೆ ಮಾಡಬೇಡಿರಿ ಎಂದು ಸ್ಪಷ್ಟವಾಗಿ ಬರೆದಿದೆಯಲ್ಲಮ್ಮ. ಚಿಂತೆ ಮಾಡುವುದು ಅಂದರೆ ದೇವರನ್ನು ನಂಬದೇ ಇರುವುದು" ಎಂದರು. ಅವರು ಕೆಟ್ಟವರಲ್ಲ. ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಕೂತವರು. ಆದರೆ ಆ ಮಾತು ಕೇಳಿ ಮನೆಗೆ ಬಂದ ಮೇಲೆ ಹೆದರಿಕೆಯ ಜೊತೆಗೆ ಪಾಪ ಮಾಡುತ್ತಿದ್ದೇನೆ ಎಂಬ ಭಾರವೂ ಸೇರಿತು. ಮುಂದಿನ ವಾರ ಕೂಟಕ್ಕೆ ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನನ್ನ ನಂಬಿಕೆ ನಿಜವಾಗಿಯೂ ಸತ್ತುಹೋಯಿತಾ? ಇಂಥ ಹೊತ್ತಿನಲ್ಲಿ ನಿರೀಕ್ಷೆ ಇಡುವುದು ಅಂದರೆ ಏನು ಮಾಡುವುದು? ದಯವಿಟ್ಟು ಬರೀ ಬೈಬಲ್ ವಚನ ಕಳಿಸಬೇಡಿ. ವಚನಗಳೆಲ್ಲ ನನಗೆ ಬಾಯಿಪಾಠ ಇವೆ.

ದಾರಿಹೋಕ

ತಂಗಿ, ನಾನೂ ಮೂರು ಗಂಟೆಗೆ ಏಳುವವನೇ. ಉತ್ತರ ಗೊತ್ತಿಲ್ಲ. ಆದರೆ ಸತ್ತುಹೋದ ನಂಬಿಕೆ ಇಷ್ಟು ಉದ್ದದ ಪ್ರಶ್ನೆ ಕೇಳುವುದಿಲ್ಲ ಅನ್ನಿಸುತ್ತೆ.

ಹಳೆಯ ಬಾವಿ

ಮಗಳೇ, ವಚನ ಕಳಿಸಬೇಡಿ ಎಂದಿದ್ದೀಯ. ಸರಿ. ಆದರೆ ಒಂದು ವಚನ ನಿನಗೆ ಏಟು ಕೊಟ್ಟಿದೆಯಲ್ಲ, ಅದನ್ನೇ ಬಿಡಿಸಿ ನೋಡೋಣ. ನಾನು ಮೂವತ್ತು ವರ್ಷ ಸಭಾಪಾಲಕನಾಗಿದ್ದವನು. ಆ ವಚನವನ್ನು ಆ ಹಿರಿಯರು ಬಳಸಿದ ಹಾಗೆಯೇ ನಾನೂ ಎಷ್ಟೋ ಜನರ ಮೇಲೆ ಬಳಸಿದ್ದೇನೆ. ಅದಕ್ಕೆ ಇವತ್ತಿಗೂ ನನಗೆ ನೋವಿದೆ.

ಯೇಸುವಿನ ಅಪೊಸ್ತಲನಾದ ಪೌಲ ಆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ತನಗೆ ಮರಣದಂಡನೆಯೋ ಬಿಡುಗಡೆಯೋ ಗೊತ್ತಿರಲಿಲ್ಲ. ಅದೇ ಪತ್ರದ ಎರಡನೇ ಅಧ್ಯಾಯ ಓದು. ಎಪಫ್ರೊದೀತ ಎಂಬ ಗೆಳೆಯ ಕಾಯಿಲೆಬಿದ್ದು ಸಾಯುವ ಹಾಗಿದ್ದ. ಅವನು ಹೋಗಿಬಿಟ್ಟಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎನ್ನುತ್ತಾನೆ ಪೌಲ. ಅವನನ್ನು ನಿಮ್ಮ ಬಳಿಗೆ ಕಳಿಸಿದರೆ ನನ್ನ ದುಃಖವೂ ಕಡಿಮೆಯಾಗುತ್ತದೆ ಎನ್ನುತ್ತಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ, ಎಲ್ಲ ಸಭೆಗಳ ಚಿಂತೆ ದಿನಾಲೂ ನನ್ನ ಮೇಲಿದೆ ಎಂದು ಬರೆಯುತ್ತಾನೆ. ಫಿಲಿಪ್ಪಿಯವರಿಗೆ "ಚಿಂತೆ ಮಾಡಬೇಡಿರಿ" ಎಂದನಲ್ಲ, ಗ್ರೀಕಿನಲ್ಲಿ ಅದೇ ಬೇರಿನ ಪದ ಇಲ್ಲಿಯೂ ಇದೆ. ಆ ಪತ್ರದ ಮೊದಲನೇ ಅಧ್ಯಾಯದಲ್ಲೇ, ಬದುಕುವ ಆಸೆಯನ್ನೂ ಬಿಟ್ಟಿದ್ದೆವು ಎಂದು ಒಪ್ಪಿಕೊಂಡಿದ್ದಾನೆ. ಪೌಲನಿಗೆ ನಂಬಿಕೆ ಇರಲಿಲ್ಲ ಎನ್ನೋಣವಾ?

ಇನ್ನೊಂದು ವಿಷಯ. "ಚಿಂತೆ ಮಾಡಬೇಡಿರಿ" ಎಂಬುದಕ್ಕೆ ಒಂದೇ ಉಸಿರು ಮುಂಚೆ ಏನಿದೆ? "ಕರ್ತನು ಹತ್ತಿರವಾಗಿದ್ದಾನೆ." ಇದನ್ನು ಬಿಟ್ಟು ಮುಂದಿನದನ್ನು ಮಾತ್ರ ಓದಿದರೆ ಅದು ಗದರಿಕೆ ಆಗುತ್ತದೆ. ಕತ್ತಲಲ್ಲಿ ಮಗು ಬೆಚ್ಚಿ ಎದ್ದರೆ ತಾಯಿ ಏನನ್ನುತ್ತಾಳೆ? "ಹೆದರಬೇಡ, ನಾನಿದ್ದೀನಲ್ಲ" ಅನ್ನುತ್ತಾಳೆ. ಹೆದರಿದ್ದಕ್ಕೆ ಮಗುವನ್ನು ಯಾವ ತಾಯಿಯೂ ಮನೆಯಿಂದ ಆಚೆ ಹಾಕುವುದಿಲ್ಲ. ಹತ್ತಿರ ಎಳೆದುಕೊಳ್ಳುತ್ತಾಳೆ.

ನಮ್ಮ ಕನ್ನಡದಲ್ಲಿ ಒಂದು ಚೆಂದ ಇದೆ. ಪೇತ್ರನ ಮೊದಲನೇ ಪತ್ರದ ಐದನೇ ಅಧ್ಯಾಯದಲ್ಲಿ, ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿರಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ ಎಂದಿದೆ. ಮೂಲದಲ್ಲಿ ಎರಡು ಕಡೆ ಬೇರೆ ಬೇರೆ ಪದ. ಕನ್ನಡದಲ್ಲಿ ಎರಡೂ ಚಿಂತೆಯೇ. ನಾವು ಮಾಡಿದರೆ ಅದು ನಮ್ಮನ್ನು ಸುಡುತ್ತದೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯ ವ್ಯತ್ಯಾಸ ಅಂತಾರಲ್ಲ. ಆತನು ಮಾಡಿದರೆ ಅದು ಆರೈಕೆ. ಇನ್ನು "ಹಾಕಿರಿ" ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ. ಯೇಸು ಯೆರೂಸಲೇಮಿಗೆ ಹೊರಟಾಗ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿದರಲ್ಲ, ಅಲ್ಲಿ. ಹೊದ್ದ ಬಟ್ಟೆಯನ್ನು ಮಡಿಸಿ ನೀಟಾಗಿ ಇಟ್ಟು ಕೊಡಬೇಕಾಗಿಲ್ಲ. ಇದ್ದ ಹಾಗೆ ತೆಗೆದು ಹಾಕುವುದು. ನಿನ್ನ ಪ್ರಾರ್ಥನೆಯೂ ಹಾಗೇ ಇರಲಿ.

ರಾತ್ರಿಪಾಳಿ

ನಾನು ನರ್ಸ್. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯಲ್ಲಿದ್ದೇನೆ. ಸಾಸಿವೆಕಾಳು, ಮೊದಲು ನೇರವಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಬದುಕಿರುವುದೇ ಬೇಡ, ಸತ್ತರೆ ಸಾಕು ಎಂಬ ಯೋಚನೆ ಬರುತ್ತಿದೆಯಾ? ಹಾಗೆ ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಬರುತ್ತಿದ್ದರೆ ಬೆಳಗಾಗುವ ತನಕ ಕಾಯಬೇಡಿ. ಮನೆಯವರನ್ನು ಎಬ್ಬಿಸಿ. ನೀವಿರುವ ಕಡೆಯ ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಇಲ್ಲವಾದರೂ ಡಾಕ್ಟರನ್ನು ನೋಡಿ. ನೀವು ಹೇಳಿದ ಎದೆ ಬಡಿತ, ಕೈ ತಣ್ಣಗಾಗುವುದು, ಬೆಳಗಿನ ಜಾವದ ಎಚ್ಚರ, ಎಲ್ಲವೂ ನಿಜವಾದ ದೇಹದಲ್ಲಿ ನಿಜವಾಗಿ ಆಗುತ್ತಿರುವ ವಿಷಯಗಳು. ಅಪಾಯ ಬಂದಾಗ ಓಡಲು ಮೈ ತಯಾರಾಗುತ್ತದಲ್ಲ, ಅದೇ ವ್ಯವಸ್ಥೆ ಅಪಾಯ ಇಲ್ಲದಾಗಲೂ ಚಾಲೂ ಆಗಿ ಕೂತಿದೆ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಇಂಥ ಬಡಿತ ಬರುತ್ತದೆ. ಒಂದು ರಕ್ತ ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನ 30 ಕೋಟಿಗೂ ಜಾಸ್ತಿ ಜನರಿಗೆ ಆತಂಕದ ಕಾಯಿಲೆ ಇತ್ತು. ಅವರಲ್ಲಿ ವಿಶ್ವಾಸಿಗಳೂ ಇದ್ದಾರೆ. ಮಾತಿನ ಚಿಕಿತ್ಸೆಯಿಂದ ತುಂಬ ಜನ ಸುಧಾರಿಸುತ್ತಾರೆ. ಕೆಲವರಿಗೆ ಮಾತ್ರೆ ಬೇಕಾಗುತ್ತದೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ ಬಿಡಬೇಡಿ.

ಈಗ ನನ್ನ ಮನಸ್ಸಿಗೆ ತುಂಬ ಹತ್ತಿರದ ಒಂದು ಕಥೆ. ಹಳೆಯ ಒಡಂಬಡಿಕೆಯ ಪ್ರವಾದಿ ಎಲೀಯ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಬಿದ್ದದ್ದನ್ನು ಕಣ್ಣಾರೆ ಕಂಡವನು. ಅದಾದ ಮೇಲೆ ರಾಣಿ ಈಜೆಬೆಲಳ ಒಂದೇ ಮಾತಿಗೆ ಹೆದರಿ ಓಡಿಹೋದ. ಅಡವಿಯಲ್ಲಿ ಜಾಲಿಯ ಗಿಡದ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತೆಗೆದುಬಿಡು" ಎಂದ. ನೀವು ಕೂಡ ಎಲ್ಲ ಮುಗಿದ ಮೇಲೆ ಕುಸಿದಿರಿ, ಅಲ್ವಾ? ಅವನೂ ಹಾಗೆಯೇ. ಹೋರಾಟ ನಡೆಯುವಾಗ ಮೈ ತಡೆದುಕೊಳ್ಳುತ್ತದೆ. ಮುಗಿದ ಮೇಲೆ ಲೆಕ್ಕ ಕೇಳುತ್ತದೆ. ವಾರ್ಡಿನಲ್ಲಿ ಇದನ್ನು ದಿನಾ ನೋಡುತ್ತೇನೆ. ರೋಗಿ ಮನೆಗೆ ಹೋದ ಮೇಲೆ ನೋಡಿಕೊಂಡವರು ಮಲಗುತ್ತಾರೆ.

ಆಗ ದೇವರು ಏನು ಮಾಡಿದರು? ಬೈಯಲಿಲ್ಲ. ನಿನ್ನೆ ಮೊನ್ನೆ ಬೆಂಕಿ ನೋಡಿದವನಿಗೆ ಇದೆಂಥ ಅಳುಕು ಎನ್ನಲಿಲ್ಲ. ದೂತನು ಬಂದು ಮುಟ್ಟಿ "ಎದ್ದು ತಿನ್ನು" ಎಂದನು. ತಲೆಯ ಹತ್ತಿರ ರೊಟ್ಟಿ, ನೀರು ಇತ್ತು. ತಿಂದ, ಮತ್ತೆ ಮಲಗಿದ. ಎರಡನೇ ಸಲವೂ ಮುಟ್ಟಿ ಎಬ್ಬಿಸಿ ತಿನ್ನಿಸಿದನು. ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದು ದೂತನೇ ಒಪ್ಪಿಕೊಂಡನು. ಆಮೇಲೆ 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆಯೇ ಮಾತುಕತೆ. ಅಲ್ಲಿಯೂ ದೇವರು ಕೊಟ್ಟದ್ದು ಒಬ್ಬ ಜೊತೆಗಾರನನ್ನು, ಎಲೀಷನನ್ನು. "ನಾನೊಬ್ಬನೇ ಉಳಿದಿದ್ದೇನೆ" ಎಂದವನಿಗೆ ಇನ್ನೂ 7,000 ಜನ ಇದ್ದಾರೆ ಎಂಬ ಸುದ್ದಿಯನ್ನು.

ಊಟ, ನಿದ್ದೆ, ಮುಟ್ಟುವ ಒಂದು ಕೈ. ನಾನು ಡ್ಯೂಟಿಯಲ್ಲಿ ಮಾಡುವುದೂ ಇಷ್ಟೇ. ಇದನ್ನು ದೂತರ ಕೆಲಸ ಎಂದೇ ನಂಬಿ ಮಾಡುತ್ತೇನೆ.

ಬಂಡೆಯ ಮೇಲೆ ಮನೆ

ಅಕ್ಕ ಹೇಳಿದ್ದು ಸರಿ. ಆದರೆ ನನಗೊಂದು ಭಯವಿದೆ. ಎಲ್ಲವನ್ನೂ ಕಾಯಿಲೆ ಎಂದು ಬಿಟ್ಟರೆ ಪ್ರಾರ್ಥನೆಯ ಬಲ ಕಡಿಮೆಯಾಗಲ್ವಾ? ನಾನು ಮೂರು ವರ್ಷ ಕುಡಿತದಲ್ಲೂ ಭಯದಲ್ಲೂ ಮುಳುಗಿದ್ದೆ. ಒಂದು ರಾತ್ರಿ ಮೊಣಕಾಲೂರಿ ಅತ್ತೆ. ಬೆಳಗ್ಗೆ ಎದ್ದಾಗ ಆ ಭಯ ಇರಲಿಲ್ಲ. ಇವತ್ತಿಗೆ ಹನ್ನೊಂದು ವರ್ಷ. ಇದು ನನ್ನ ಸಾಕ್ಷಿ. ಇದನ್ನು ಹೇಳದೆ ಹೇಗಿರಲಿ? ತಂಗಿಗೂ ಹಾಗೆಯೇ ಬಿಡುಗಡೆ ಆಗಲಿ ಎಂದು ಉಪವಾಸ ಇದ್ದು ಪ್ರಾರ್ಥಿಸುತ್ತೇನೆ.

ಹಳೆಯ ಬಾವಿ

ತಮ್ಮಾ, ನಿನ್ನ ಸಾಕ್ಷಿ ಓದಿ ಕಣ್ಣು ತುಂಬಿತು. ಖಂಡಿತ ಹೇಳು. ಎಲ್ಲ ಕಡೆ ಹೇಳು. ಆದರೆ ಅದು ಎಲ್ಲರಿಗೂ ಅಳತೆಗೋಲಾಗುವುದು ಬೇಡ. ಪೌಲ ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿಕೊಂಡ. ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಮಾತು ಬಂತು. ನಿನಗೆ ಒಂದು ರಾತ್ರಿಯಲ್ಲಿ ಬಿಡುಗಡೆ ಕೊಟ್ಟ ದೇವರೇ ಅವನಿಗೆ ಮುಳ್ಳಿನ ಜೊತೆ ಬದುಕುವ ಬಲ ಕೊಟ್ಟದ್ದು.

ಲಂಡನ್ನಿನ ಪ್ರಸಂಗಿ ಸ್ಪರ್ಜನ್ ಹೆಸರು ಕೇಳಿರುತ್ತೀಯ. 1856ರ ಅಕ್ಟೋಬರಿನಲ್ಲಿ ಅವರಿಗೆ ಬರೀ 22 ವರ್ಷ. ಅವರ ಆರಾಧನೆಗೆ ಸಾವಿರಾರು ಜನ ಒಂದು ಸಭಾಂಗಣದಲ್ಲಿ ಸೇರಿದ್ದರು. ಯಾರೋ ಬೆಂಕಿ ಬೆಂಕಿ ಎಂದು ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು. ಆ ಏಟು ಅವರನ್ನು ಪೂರ್ತಿ ಬಿಡಲೇ ಇಲ್ಲ. 1892ರಲ್ಲಿ ತೀರಿಕೊಳ್ಳುವ ತನಕ ಮನಸ್ಸು ಕುಗ್ಗುವ ಕಾಲಗಳು ಮತ್ತೆ ಮತ್ತೆ ಬಂದವು. ಅದನ್ನು ಅವರು ಮುಚ್ಚಿಡಲಿಲ್ಲ. ತನ್ನ ಬಳಿ ಕಲಿಯುತ್ತಿದ್ದ ಯುವ ಪ್ರಸಂಗಿಗಳಿಗೆ, ಇದು ನಿಮಗೂ ಬರಬಹುದು, ಬಂದರೆ ಬೆಚ್ಚಬೇಡಿ ಎಂದು ಪಾಠದಲ್ಲೇ ಹೇಳಿಕೊಟ್ಟರು. ನನಗೆ ಆ ವಯಸ್ಸಿನಲ್ಲಿ ಯಾರಾದರೂ ಹೀಗೆ ಹೇಳಿಕೊಟ್ಟಿದ್ದರೆ ಎಷ್ಟೋ ಜನರಿಗೆ ನಾನು ನೋವು ಕೊಡುತ್ತಿರಲಿಲ್ಲ.

ಬಂಡೆಯ ಮೇಲೆ ಮನೆ

ಒಪ್ಪಿದೆ ಅಣ್ಣ. ನಾನು ಹಾಗೆ ಯೋಚಿಸಿರಲಿಲ್ಲ. ಪ್ರಾರ್ಥನೆ ಮಾತ್ರ ನಿಲ್ಲಿಸಲ್ಲ.

ಮೂರನೇ ಬೆಂಚು

ನಿರೀಕ್ಷೆ ಇಡುವುದು ಅಂದರೆ ಏನು ಮಾಡುವುದು ಎಂದು ಕೇಳಿದ್ದೀರಿ. ನಾನು ಎರಡು ವರ್ಷ ಈ ಪ್ರಶ್ನೆಯ ಒಳಗೇ ಬದುಕಿದ್ದೇನೆ.

ಮದುವೆಯಾಗಿ ಆರು ವರ್ಷಕ್ಕೆ ಹುಟ್ಟಿದ ಮಗು ಒಂಬತ್ತು ದಿನ ಇತ್ತು. ಆಮೇಲೆ ಸಭೆಗೆ ಹೋಗಿ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದೆ. ಹಾಡುತ್ತಿರಲಿಲ್ಲ. ಸುತ್ತ ಎಲ್ಲರೂ ಎದ್ದು ಹಾಡುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಎಷ್ಟೋ ತಿಂಗಳ ಮೇಲೆ ಒಂದು ದಿನ ಅನ್ನಿಸಿತು, ನನ್ನ ಬಾಯಿಯಿಂದ ಬರದಿದ್ದದ್ದನ್ನು ಇವರು ನನ್ನ ಪಾಲಿಗೂ ಹಾಡುತ್ತಿದ್ದಾರೆ ಎಂದು. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದರಲ್ಲ, ಮಾರ್ಕನ ಸುವಾರ್ತೆಯಲ್ಲಿ. ಯೇಸು "ಅವರ ನಂಬಿಕೆಯನ್ನು" ನೋಡಿದನು ಎಂದಿದೆ. ಹೊತ್ತವರ ನಂಬಿಕೆಯೂ ಲೆಕ್ಕಕ್ಕೆ ಬಂತು. ಆ ವಚನಕ್ಕೆ ನಾನು ಎಷ್ಟು ಋಣಿ ಎಂದು ಹೇಳಲಾರೆ.

ಆ ಕಾಲದಲ್ಲಿ ನನಗೆ ಓದಲು ಆಗುತ್ತಿದ್ದದ್ದು ಬೈಬಲ್ಲಿನ ಕೀರ್ತನೆಗಳಲ್ಲಿ ಅಳುವ ಕೀರ್ತನೆಗಳು ಮಾತ್ರ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಂಥವೇ. ಸಭೆಯಲ್ಲಿ ನಾವು ಅವನ್ನು ಹಾಡುವುದು ತೀರಾ ಕಡಿಮೆ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ದಾವೀದನು ನಾಲ್ಕು ಸಲ "ಎಷ್ಟು ಕಾಲ" ಎಂದು ಕೇಳುತ್ತಾನೆ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಅದನ್ನು ಯಾರೂ ತಿದ್ದಲಿಲ್ಲ, ಪುಸ್ತಕದಿಂದ ತೆಗೆಯಲಿಲ್ಲ. ಅಂದರೆ ಇಷ್ಟು ಕತ್ತಲನ್ನು ದೇವರ ಮುಂದೆ ಹಾಗೇ ಇಡಬಹುದು. ಇಟ್ಟರೆ ಅದೂ ಪ್ರಾರ್ಥನೆಯೇ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು, ನನ್ನನ್ನು ಯಾಕೆ ಕೈಬಿಟ್ಟಿದ್ದೀ ಎಂದು. ನನ್ನ ಬಾಯಿಗೆ ಬಂದ ಪ್ರಶ್ನೆ ಆತನ ಬಾಯಿಗೂ ಬಂದಿತ್ತು. ಹಾಗಿದ್ದ ಮೇಲೆ ನಾನು ಆತನಿಂದ ದೂರ ಎಲ್ಲಿ ಹೋದೆ?

ಗೆತ್ಸೇಮನೆ ತೋಟವನ್ನೂ, ಯೇಸು ಸೆರೆಸಿಕ್ಕ ಆ ರಾತ್ರಿಯನ್ನೂ ನೆನೆಸಿಕೊಳ್ಳಿ. ಸಾಯುವಷ್ಟು ದುಃಖವಾಗಿದೆ ಎಂದು ಆತನು ಬಾಯಿಬಿಟ್ಟು ಹೇಳಿದನು. "ಇಲ್ಲೇ ಇದ್ದು ಎಚ್ಚರವಾಗಿರಿ" ಎಂದು ಗೆಳೆಯರನ್ನು ಕೇಳಿಕೊಂಡನು. ದೇವರ ಮಗನೇ ಜೊತೆಗಿರಿ ಎಂದು ಕೇಳಿದ ಮೇಲೆ, ನಾವು ಕೇಳುವುದಕ್ಕೆ ನಾಚಿಕೆ ಯಾಕೆ?

ಇನ್ನು ನಿರೀಕ್ಷೆ. ಬೈಬಲ್ಲಿನ ಆಚೆ ನಾವು ಈ ಪದವನ್ನು ಹೇಗೆ ಬಳಸುತ್ತೇವೆ? ಬರಬೇಕಾದವರನ್ನು ಎದುರು ನೋಡುವುದಕ್ಕೆ. ಒಳಗೆ ಖುಷಿ ಇರಬೇಕು ಎಂದೇನೂ ಆ ಪದದಲ್ಲಿಲ್ಲ. ಕಣ್ಣು ಬಾಗಿಲ ಕಡೆ ಇದ್ದರೆ ಆಯಿತು. 42, 43ನೇ ಕೀರ್ತನೆಗಳಲ್ಲಿ ಮೂರು ಸಲ ಅದೇ ಸಾಲು ಬರುತ್ತದೆ, ನನ್ನ ಮನವೇ ಯಾಕೆ ಕುಗ್ಗಿದ್ದೀ, ದೇವರನ್ನು ನಿರೀಕ್ಷಿಸು ಎಂದು. ಒಂದು ಸಲ ಹೇಳಿದ್ದಕ್ಕೆ ಮನಸ್ಸು ಎದ್ದಿದ್ದರೆ ಮೂರು ಸಲ ಹೇಳುವ ಪ್ರಮೇಯ ಬರುತ್ತಿರಲಿಲ್ಲ, ಅಲ್ವಾ? ಅವನೂ ಕುಗ್ಗಿಕೊಂಡೇ ನಿರೀಕ್ಷಿಸಿದ.

ನಾನು ಮಾಡಿದ್ದು ಇಷ್ಟೇ. ದಿನಾ ಒಂದು ಸಾಲು ಬರೆದೆ. "ದೇವರೇ, ಇವತ್ತೂ ಏನೂ ಅನ್ನಿಸಲಿಲ್ಲ. ಆದರೂ ಬಂದಿದ್ದೇನೆ." ಕೆಲವು ದಿನ ಅದನ್ನೂ ಬರೆಯಲಿಲ್ಲ. ಮಗುವಿನ ನೋವು ಹೋಗಿಲ್ಲ. ಆದರೆ ಪುನರುತ್ಥಾನದ ಹಬ್ಬ ನನಗೆ ಈಗ ಬೇರೆಯೇ. ಆ ಒಂಬತ್ತು ದಿನದ ಮುಖವನ್ನು ಮತ್ತೆ ನೋಡುತ್ತೇನೆ ಎಂದು ನಂಬಿದ್ದೇನೆ. ಅದೇ ನನ್ನ ನಿರೀಕ್ಷೆ.

ದಾರಿಹೋಕ

ಅಕ್ಕಾ, ಇದನ್ನು ಮೂರು ಸಲ ಓದಿದೆ.

ಜೊತೆಗಾರ

ನನ್ನ ಹೆಂಡತಿಗೆ ಇದೇ ತೊಂದರೆ. ಪಕ್ಕದಲ್ಲಿರುವವರಿಗೆ ಎರಡು ಮಾತು ಹೇಳಬೇಕು ಅನ್ನಿಸಿತು.

ನಾನು ಮೊದಲು ಬುದ್ಧಿ ಹೇಳುತ್ತಿದ್ದೆ. "ದೇವರು ನಮಗೆ ಎಷ್ಟು ಒಳ್ಳೆಯದು ಮಾಡಿದ್ದಾನೆ, ನೆನೆಸಿಕೋ" ಅನ್ನುತ್ತಿದ್ದೆ. ಮಾತು ಸರಿಯೇ, ಹೊತ್ತು ತಪ್ಪು. ಬೈಬಲ್ಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಬಾಯಿ ತೆರೆದ ಮೇಲೆಯೇ ಕೆಡಿಸಿದ್ದು. ಈಗ ಅವಳಿಗೆ ಎದೆ ಹೊಡೆದುಕೊಳ್ಳಲು ಶುರುವಾದರೆ ಪಕ್ಕದಲ್ಲಿ ಕೂತು ಅಂಗೈ ಹಿಡಿಯುತ್ತೇನೆ. ಇಬ್ಬರೂ ನಿಧಾನವಾಗಿ ಉಸಿರು ಬಿಡುತ್ತೇವೆ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು. ಬಿಡುವಾಗ ನಾನು "ಕರ್ತನೇ" ಅನ್ನುತ್ತೇನೆ, ಅವಳು "ಕರುಣಿಸು" ಅನ್ನುತ್ತಾಳೆ. ಅಷ್ಟೇ ಪ್ರಾರ್ಥನೆ. ಅವಳ ಕೈಯಲ್ಲಿ ಆಗದ ದಿನ ನಾನೇ ಎರಡೂ ಅನ್ನುತ್ತೇನೆ.

ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲು ಒಂದು ವರ್ಷ ತಡಮಾಡಿದೆ. ಸಭೆಯವರಿಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂಬ ಭಯ. ಆ ಒಂದು ವರ್ಷ ಅವಳು ಸುಮ್ಮನೆ ನರಳಿದಳು. ಯಾರೂ ನನ್ನ ಹಾಗೆ ಮಾಡಬೇಡಿ.

ಸಾಸಿವೆಕಾಳು

ಎಲ್ಲರ ಮಾತನ್ನೂ ಎಷ್ಟು ಸಲ ಓದಿದೆನೋ. ರಾತ್ರಿಪಾಳಿ ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ: ಸಾಯಬೇಕು ಅನಿಸಿಲ್ಲ. ಆದರೆ ನಿದ್ದೆ ಹೋದರೆ ಏಳದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಒಂದೆರಡು ಸಲ ಅನಿಸಿದೆ. ಇದನ್ನು ಮೊದಲ ಸಲ ಒಬ್ಬರಿಗೆ ಹೇಳುತ್ತಿದ್ದೇನೆ.

ರಾತ್ರಿಪಾಳಿ

ಹೇಳಿದ್ದು ತುಂಬ ಒಳ್ಳೆಯದಾಯಿತು. ಈ ಮಾತನ್ನು ಡಾಕ್ಟರಿಗೂ ಇದೇ ಪದಗಳಲ್ಲಿ ಹೇಳಿ. ನಾಚಿಕೆಪಟ್ಟು ಬಿಟ್ಟುಬಿಡಬೇಡಿ. ಇವತ್ತು ರಾತ್ರಿ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಗೊತ್ತಿರಲಿ. ಆ ಅನಿಸಿಕೆ ಜಾಸ್ತಿಯಾದರೆ ಬೇರೇನೂ ಯೋಚಿಸದೆ ಸಹಾಯವಾಣಿಗೆ ಫೋನ್ ಮಾಡಿ. ನಾಳೆ ಯಾರ ಜೊತೆ ಹೋಗುತ್ತೀರಿ, ಹೆಸರು ಬೇಡ, ಸಂಬಂಧ ಹೇಳಿ.

ಸಾಸಿವೆಕಾಳು

ಚಿಕ್ಕಮ್ಮನ ಜೊತೆ. ಈಗಷ್ಟೇ ಹೇಳಿದೆ. ಇವತ್ತು ರಾತ್ರಿ ನನ್ನ ಕೋಣೆಯಲ್ಲೇ ಮಲಗುತ್ತಾರಂತೆ.

ಹಳೆಯ ಬಾವಿ

ಪೌಲನದೇ ಇನ್ನೊಂದು ಮಾತು ನೆನಪಾಯಿತು. ಹೊರಗೆ ಜಗಳ, ಒಳಗೆ ಭಯ, ಮೈಗೆ ವಿಶ್ರಾಂತಿಯೇ ಇರಲಿಲ್ಲ ಎನ್ನುತ್ತಾನೆ ಕೊರಿಂಥದವರಿಗೆ. ಕುಗ್ಗಿದವರನ್ನು ಸಂತೈಸುವ ದೇವರು ನಮ್ಮನ್ನು ಸಂತೈಸಿದನು ಎನ್ನುತ್ತಾನೆ. ಹೇಗೆ ಸಂತೈಸಿದನು? ಗೆಳೆಯ ತೀತನು ಬಂದದ್ದರಿಂದ. ದರ್ಶನವಿಲ್ಲ, ಆಕಾಶವಾಣಿ ಇಲ್ಲ. ಒಬ್ಬ ಮನುಷ್ಯ ನಡೆದುಕೊಂಡು ಬಂದ. ಮಗಳೇ, ಇವತ್ತು ರಾತ್ರಿ ನಿನ್ನ ಚಿಕ್ಕಮ್ಮ.

ಸಾಸಿವೆಕಾಳು (ಏಳು ವಾರದ ನಂತರ)

ಬರೆಯುತ್ತೇನೆ ಎಂದು ಮಾತು ಕೊಟ್ಟಿರಲಿಲ್ಲ. ಆದರೂ ನೀವು ಕಾಯುತ್ತಿರಬಹುದು ಅನಿಸಿತು.

ಡಾಕ್ಟರನ್ನು ನೋಡಿದೆ. ಥೈರಾಯ್ಡ್ ಸರಿಯಿದೆ. ರಕ್ತ ಸ್ವಲ್ಪ ಕಡಿಮೆ ಇತ್ತು. ಏಳದಿದ್ದರೆ ಚೆನ್ನಾಗಿತ್ತು ಅನಿಸಿದ್ದನ್ನು ಹಾಗೆಯೇ ಹೇಳಿದೆ. ಅವರು ನಿಧಾನವಾಗಿ ಕೇಳಿಸಿಕೊಂಡರು. ಮಾತ್ರೆ ಶುರುವಾಗಿದೆ. ವಾರಕ್ಕೊಮ್ಮೆ ಆಪ್ತಸಮಾಲೋಚಕರ ಹತ್ತಿರ ಹೋಗುತ್ತೇನೆ. ಮೂರನೇ ಸಲ ಹೋದಾಗ ಅಪ್ಪನ ವಿಷಯ ಬಂತು. ಅವತ್ತು ಅತ್ತೆ. ಒಂದು ವರ್ಷದ ಅಳುವೆಲ್ಲ ಒಂದೇ ಸಲ ಬಂತು.

ಪೂರ್ತಿ ಸರಿಹೋಗಿಲ್ಲ. ಫೋನ್ ರಿಂಗಾದರೆ ಈಗಲೂ ಬೆಚ್ಚುತ್ತೇನೆ. ಬೈಬಲ್ ಓದಲು ಕಷ್ಟವೇ. ಎಂಟು ವಚನದ ಒಂದೇ ಒಂದು ಕೀರ್ತನೆ ಹಿಡಿದುಕೊಂಡಿದ್ದೇನೆ, 121. ಅದರಲ್ಲಿ ಕಾಯುವ ಮಾತು ಆರು ಸಲ ಬರುತ್ತದೆ. ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದಿದೆ. ಮೊದಲು ಎಚ್ಚರವಾದಾಗ ಜಗತ್ತಿನಲ್ಲಿ ನಾನೊಬ್ಬಳೇ ಎದ್ದಿದ್ದೇನೆ ಅನಿಸುತ್ತಿತ್ತು. ನಮ್ಮ ಭಾಷೆಯಲ್ಲಿ ಎದುರು ನೋಡುವುದೂ ಕಾಯುವುದೇ, ಕಾಪಾಡುವುದೂ ಕಾಯುವುದೇ. ನಾನು ಆತನಿಗಾಗಿ ಕಾಯುವಾಗ ಆತನು ನನ್ನನ್ನು ಕಾಯುತ್ತಿರುತ್ತಾನೆ ಎಂದು ಹೇಳಿಕೊಳ್ಳುತ್ತೇನೆ. ಕೆಲವು ರಾತ್ರಿ ನಂಬಲು ಆಗುತ್ತದೆ. ಆಗದ ರಾತ್ರಿ ಮೂರನೇ ಬೆಂಚು ಅಕ್ಕನ ಸಾಲು ಬರೆಯುತ್ತೇನೆ.

ಹೋದ ಭಾನುವಾರ ಸಭೆಗೆ ಹೋದೆ. ಹಾಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತೆ. ಆ ಹಿರಿಯರು ಆರಾಧನೆ ಮುಗಿದ ಮೇಲೆ ಹತ್ತಿರ ಬಂದರು. ಎದೆ ಹೊಡೆದುಕೊಳ್ಳಲು ಶುರುವಾಯಿತು. "ಅವತ್ತು ನಾನು ಹೇಳಿದ ಮೇಲೆ ನೀನು ಬರಲಿಲ್ಲ. ತಪ್ಪು ಮಾಡಿದೆನಾ ಅಂತ ದಿನಾ ಕೇಳಿಕೊಳ್ಳುತ್ತಿದ್ದೆ" ಎಂದರು. ನಾನು ಮಾತ್ರೆ ತಗೊಳ್ತಿದ್ದೀನಿ ಅಂಕಲ್ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಾನೂ ತಗೊಳ್ತೀನಮ್ಮ. ನಾಲ್ಕು ವರ್ಷ ಆಯಿತು. ಯಾರಿಗೂ ಹೇಳಿಲ್ಲ" ಎಂದರು.

ಮುಂದಿನ ವಾರ ಕೂಟಕ್ಕೆ ಹೋಗುತ್ತಿದ್ದೇನೆ. ಅವರ ಪಕ್ಕದಲ್ಲೇ ಕೂರುತ್ತೇನೆ.